ಪೆಟ್ಟಿಗೆ ಬೆಚ್ಚಗಾಗುವ ತನಕ

ನೆಲದ ಮೇಲೆ ನೀಲಿ ಟೇಪಿನ ಎರಡು ತುಂಡು, ಮೈಕಿನ ಎಡಕ್ಕೊಂದು ಬಲಕ್ಕೊಂದು, ಎಡಗಡೆಯದು ಅಂಚು ಸುಲಿದು ಕಪ್ಪಾಗಿದೆ, ಬಲಗಡೆಯದು ನಿನ್ನೆ ಅಂಟಿಸಿದಂತೆ ನೀಲಿ ನೀಲಿ, ಏತಕ್ಕೋ ಏನೋ, ಯಾರೂ ವೈರು ಎಡವದಿರಲೆಂದು ಇರಬೇಕು, ಅಂದುಕೊಂಡಳು ವರ್ನಾ, ಕೈಗವಸು ಇನ್ನೂ ಕಳಚಿರಲಿಲ್ಲ, ಕಳಚುವ ಉದ್ದೇಶವೂ ಇರಲಿಲ್ಲ – ಗಿಟಾರಿನ ಪೆಟ್ಟಿಗೆಯನ್ನು ಓರಿನ್ ಕೈಗೆ ಕೊಟ್ಟು, ಕ್ಲಬ್ಬಿನಲ್ಲೇ ಇಟ್ಟುಕೋ, ಬೇಕಾದವರು ಬಾರಿಸಲಿ, ಎಂದು ಹೇಳಿ ಹೊರಟುಬಿಡುವುದು, ಐದು ನಿಮಿಷದ ಕೆಲಸ, ಅದಕ್ಕೇ ಟ್ರಕ್ಕಿನ ಎಂಜಿನ್ ಕೂಡ ಆರಿಸದೆ ಬಂದದ್ದು. ಆದರೆ ಓರಿನ್ ಯಾವಾಗ ಯಾರ ಮಾತು ಕೇಳಿದ್ದಾನೆ, ಮೂವತ್ತು ವರ್ಷದಿಂದ, ಐಸಿನ ಮೇಲೆ ಕಲ್ಲು ಜಾರಿಸಿ ಆಡುವ ಈ ಕರ್ಲಿಂಗ್ ಕ್ಲಬ್ಬಿನಲ್ಲಿ, ಯಾರು ಬೇಕಾದರೂ ಬಂದು ಹಾಡಬಹುದಾದ ಭಾನುವಾರದ ಓಪನ್ ಮೈಕ್ ನಡೆಸುತ್ತಾ ಅವನಿಗೆ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವ ಚಾಳಿ, ಪೆಟ್ಟಿಗೆ ಮುಟ್ಟಿದವನೇ ಕೈ ಹಿಂದಕ್ಕೆಳೆದುಕೊಂಡ, ಅಯ್ಯೋ ಮಾರಾಯ್ತಿ, ಮಂಜುಗಡ್ಡೆ ಆಗಿದೆಯಲ್ಲೇ ಇದು, ಎಲ್ಲಿಟ್ಟಿದ್ದೆ. ಟ್ರಕ್ಕಲ್ಲಿ. ಯಾವಾಗಿಂದ. ನಿನ್ನೆ ಸಂಜೆಯಿಂದ. ಸೊನ್ನೆಗಿಂತ ಇಪ್ಪತ್ತೆರಡು ಕೆಳಗಿದೆ ವರ್ನಾ, ತಲೆ ನೆಟ್ಟಗಿದೆಯಾ ನಿಂಗೆ. ಹೇಗೆ ಹೇಳುವುದು ಅವನಿಗೆ, ಮೂರು ಸಲ ಬಾಗಿಲ ತನಕ ತಂದು ಮೂರು ಸಲ ವಾಪಸು ಮಂಚದ ಕೆಳಗೆ ಇಟ್ಟೆ, ನಾಲ್ಕನೇ ಸಲ ಮನಸ್ಸು ಬದಲಾಗುವ ಮೊದಲು ಟ್ರಕ್ಕಿಗೆ ಹಾಕಿ ಬೀಗ ಜಡಿದೆ ಎಂದು. ಓರಿನ್ ಪೆಟ್ಟಿಗೆಯನ್ನು ಕೋಟು ನೇತುಹಾಕುವ ಕಡೆ, ಹೀಟರಿನಿಂದ ದೂರದಲ್ಲಿ ನಿಲ್ಲಿಸಿದ, ಒಂದು ಗಂಟೆ ಇದನ್ನ ಯಾರೂ ತೆಗೀಬಾರ್ದು, ಬೆಚ್ಚಗಾದ್ಮೇಲೆ ಇಬ್ರೂ ಕೂತು ತೆಗೆದು ನೋಡೋಣ, ಮುಚ್ಚಿದ ಪೆಟ್ಟಿಗೆ ನಾನು ತಗೊಳ್ಳಲ್ಲ, ನಾಳೆ ಬಿರುಕು ಬಿಟ್ಟಿದೆ ಅಂದ್ರೆ ನನ್ನ ತಲೆಗೆ ಬರುತ್ತೆ, ಹೋಗು ಎಂಜಿನ್ ಆರಿಸಿ ಬಾ. ವಾದ ಮಾಡುವುದಕ್ಕೂ ಶಕ್ತಿ ಬೇಕು. ಆರಿಸಿ ಬಂದಳು, ಬಾಗಿಲ ಬಳಿ ಬೂಟು ಬಿಟ್ಟಳು, ಉಣ್ಣೆಯ ಕಾಲುಚೀಲದಲ್ಲಿ ಮೂಲೆಯ ಕುರ್ಚಿಗೆ ನಡೆದಳು.

ಒಂದು ಗಂಟೆ ಎಂಬುದು ಅವಳಿಗೆ ಗೊತ್ತಿಲ್ಲದ ಲೆಕ್ಕವೇನಲ್ಲ, ಅದನ್ನು ಮೀರಿ ಪಾಠ ಕಲಿತವಳು ಅವಳೇ, ಮದುವೆಯಾದ ಮೊದಲ ಚಳಿಗಾಲ, ಎಲ್ಡನ್ ಹೊರಗೆ ಹಿಮ ಗೋರುತ್ತಿದ್ದ, ಅವನು ಬರುವಷ್ಟರಲ್ಲಿ ಗಿಟಾರ್ ಒರೆಸಿ ಹೊಳಪು ಮಾಡಿಡೋಣವೆಂದು ಆಗಷ್ಟೇ ಒಳಗೆ ತಂದ ಪೆಟ್ಟಿಗೆಯ ಚಿಲಕ ತೆಗೆದದ್ದು, ಬಿಸಿಗಾಳಿ ತಾಗಿದ್ದೇ ತಡ ಮರದ ಮೇಲಿನ ಮೆರುಗು ಚಿಟಚಿಟ ಎಂದು ಕಣ್ಣೆದುರಿಗೇ ಸೀಳಿಕೊಂಡು ಹೋಯಿತು, ಕೂದಲೆಳೆಯಂಥ ಗೆರೆ ಒಂದಲ್ಲ ಎರಡಲ್ಲ, ಅವಳು ನೆಲದ ಮೇಲೆ ಕೂತು ಅತ್ತಳು, ಅವನು ಮೀಸೆಯ ತುಂಬ ಹಿಮ ಹೊತ್ತು ಒಳಗೆ ಬಂದು ನೋಡಿದ, ಬಿಡೇ ವರ್ನಿ, ಇನ್ನು ಇದನ್ನ ಯಾರು ಕದ್ರೂ ಗುರುತು ಸಿಗುತ್ತೆ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು, ಬೈಯುವ ಗಂಡನಾಗಿದ್ದರೆ ಈಗ ಇಷ್ಟು ನೋಯುತ್ತಿರಲಿಲ್ಲ.

ಗಾಜಿನ ಗೋಡೆಯಾಚೆ ಐಸಿನ ಮೇಲೆ ಕಲ್ಲುಗಳು ಜಾರುತ್ತಿವೆ, ಒಂದಕ್ಕೊಂದು ಬಡಿದಾಗ ಧಡ್ ಎಂದು ಕಾಲಡಿಗೆ ತಾಗುತ್ತದೆ, ಈಚೆ ಅಂಚೆ ಹಂಚುವ ಹುಡುಗಿ ಪುಟ್ಟ ಗಿಟಾರಿನಂಥ ಯುಕುಲೆಲೆ ಎದೆಗವಚಿಕೊಂಡು ಯಾರೋ ಬೆನ್ನಟ್ಟಿದಂತೆ ಹಾಡುತ್ತಿದ್ದಾಳೆ, ನಿಧಾನ ಮಗಳೇ, ಇಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ, ಅವಳ ಪಾದ ಎಡಗಡೆಯ ಟೇಪಿನ ಮೇಲಿದೆ, ಬಲಗಡೆಯದರ ಮೇಲೆ ಯಾರೂ ಇಲ್ಲ. ತಗೋಳೆ, ಎಂದು ಐಲಿ ಬೀನ್ಸು-ಮಾಂಸ ಬೇಯಿಸಿದ ಖಾರದ ಚಿಲಿಯ ಬಟ್ಟಲನ್ನು ಮೂಗಿನ ಕೆಳಗೆ ಹಿಡಿದಳು, ಅಡುಗೆ ಮೇಜು ನೋಡಿಕೊಳ್ಳುವ ಐಲಿ, ನೀನು ಒಳಗೆ ಬಂದಿದ್ದು ನೋಡಿ ನನ್ನ ಕನ್ನಡಕ ಒರೆಸ್ಕೊಂಡೆ ಕಣೇ, ಹನ್ನೊಂದು ವರ್ಷ ಆಯ್ತು, ಹೆಚ್ಚೂ ಕಡ್ಮೆ ನಮ್ಮ ಮೇಯರ್ ಥರ ಆಗ್ಬಿಟ್ಟೆ ನೀನು, ಹೆಸರು ಕೇಳ್ತೀವಿ, ಮುಖ ಕಾಣಲ್ಲ. ನಗಬೇಕಿತ್ತು, ತುಟಿಯ ಒಂದು ಬದಿ ಮಾತ್ರ ಎದ್ದಿತು. ಹನ್ನೊಂದು ವರ್ಷ. ಅದಕ್ಕೂ ಮೊದಲು ಆರು ಚಳಿಗಾಲ ಒಂದೇ ಒಂದು ಭಾನುವಾರ ತಪ್ಪಿಸಿದ್ದಿಲ್ಲ, ಒಂದೇ ಮೈಕಿಗೆ ಇಬ್ಬರು, ಅವನು ಆ ಕಡೆ ಅವಳು ಈ ಕಡೆ, ಅವನ ಉಸಿರಿನಲ್ಲಿ ಪುದೀನ ಗುಳಿಗೆಯ ವಾಸನೆ, ಅವನದು ಹಾಡು, ಅವಳದು ಹಾಡಿನ ಕೆಳಗೆ ಹರಿಯುವ ಎರಡನೇ ದನಿ. ಆಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಬೆಳಗಿನ ಐದಕ್ಕೆ ಹಾಜರಿ, ಒದ್ದೆ ಚಾದರದ ಭಾರಕ್ಕೆ ಭುಜ ಕಳಚುವಂತೆ ಆಗುತ್ತಿತ್ತು, ಭಾನುವಾರ ಬಂದರೆ ಹಾಸಿಗೆಯೇ ಸ್ವರ್ಗ, ನೀನು ಹೋಗು, ನಂಗೆ ಸಾಕಾಗಿದೆ, ಎಂದಳು ಒಂದು ವಾರ, ಮರುವಾರವೂ, ಅದರ ಮರುವಾರವೂ. ಬರ್ತೀಯಾ ವರ್ನಿ, ಎಂದು ಕೇಳುತ್ತಿದ್ದವನು ಕೇಳುವುದನ್ನು ಬಿಟ್ಟ, ಪೆಟ್ಟಿಗೆ ಹಿಡಿದು ಮಲಗುವ ಕೋಣೆಯ ಬಾಗಿಲಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿದ್ದ, ಅವಳು ನಿದ್ದೆ ಬಂದವಳಂತೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು, ಬರುತ್ತಿದ್ದುದು ನಿದ್ದೆಯಲ್ಲ, ಹಟ, ಅಥವಾ ಸೋಮಾರಿತನ, ಅಥವಾ ಮುಂದಿನ ವಾರವಿದೆಯಲ್ಲ ಎಂಬ ಧೈರ್ಯ. ಮೊನ್ನೆ ನವೆಂಬರಿನಲ್ಲಿ ಮಾಡಿನ ಅಂಚಿನ ನೀರುದೋಣಿಯಿಂದ ಎಲೆ ತೆಗೆಯುತ್ತಾ ಏಣಿ ಇಳಿದು ಮೆಟ್ಟಿಲ ಮೇಲೆ ಕೂತ, ಒಂಚೂರು ಸುಸ್ತು ಎಂದ, ಆಮೇಲೆ ಏಳಲಿಲ್ಲ. ಸುಸ್ತು ಎಂಬ ಮಾತು ಆ ಮನೆಯಲ್ಲಿ ಅವಳದಾಗಿತ್ತು, ಅವನು ಒಂದೇ ಒಂದು ಸಲ ತೆಗೆದುಕೊಂಡ.

ಚಿಲಿ ತಣ್ಣಗಾಯಿತು. ಹುಡುಗಿಗೆ ಚಪ್ಪಾಳೆ, ಹಾರ್ಮೋನಿಕಾದ ಮುದುಕನಿಗೆ ಚಪ್ಪಾಳೆ, ಕಿಟಕಿಯಾಚೆ ನಾಲ್ಕೂವರೆಗೇ ಬೆಳಕು ಜಾರುತ್ತಿದೆ, ಓರಿನ್ ಮೈಕಿನ ಎತ್ತರ ಸರಿಮಾಡಿ ಅವಳ ಕಡೆ ಬಂದ, ಸುಮ್ಮನೆ ಏನಾದರೂ ಕೇಳಬೇಕೆಂದು ಕೇಳಿದಳು, ಆ ಟೇಪು ಯಾಕೋ ಓರಿನ್. ಅವನು ನಿಂತಲ್ಲೇ ನಿಂತ. ನಿಂಗೆ ಗೊತ್ತಿಲ್ವಾ. ಇಲ್ಲ. ಎಲ್ಡನ್ ಹೇಳ್ಲಿಲ್ವಾ. ಏನು ಹೇಳ್ಬೇಕಿತ್ತು. ಓರಿನ್ ಟೋಪಿ ತೆಗೆದು ತಲೆ ಕೆರೆದ, ಎಡಗಡೆದು ಅವ್ನದು, ಬಲಗಡೆದು ನಿಂದು, ಪ್ರತಿ ವರ್ಷ ಚಳಿಗಾಲ ಶುರುವಾಗೋ ಮುಂಚೆ ಬಂದು ಮೊಣಕಾಲೂರಿ ಎರಡೂ ಅಂಟಿಸ್ತಿದ್ದ, ನಾನು ಬೈದು ಬೈದು ಸೋತೆ, ಒಬ್ನೇ ಹಾಡೋನು ಮೈಕಿನ ಎದ್ರಿಗೆ ನಿಂತ್ಕೊಳೋ, ಅರ್ಧ ದನಿ ಹೊರಗೆ ಹೋಗುತ್ತೆ ಅಂತ, ಅವ್ನು ಜಪ್ಪಯ್ಯ ಅಂದ್ರೂ ಸರೀಲಿಲ್ಲ, ಅವಳು ಬಂದ್ರೆ ಜಾಗ ಬೇಕಲ್ಲ ಅಂತಿದ್ದ. ಈ ಸಲಾನೂ ಬಂದಿದ್ದ, ಅಕ್ಟೋಬರ್‌ನಲ್ಲಿ, ಟೇಪು ಒಂದೇ ತುಂಡು ಉಳಿದಿತ್ತು, ನಂದು ಹಳೇದೇ ಸಾಕು ಅಂತ ನಿಂದು ಹೊಸದು ಹಾಕ್ದ.

ವರ್ನಾ ಬಟ್ಟಲನ್ನು ಕೆಳಗಿಟ್ಟಳು, ಎತ್ತಿಕೊಂಡಳು, ಮತ್ತೆ ಇಟ್ಟಳು, ಹನ್ನೊಂದು ಚಳಿಗಾಲ, ಚಳಿಗಾಲಕ್ಕೆ ಇಪ್ಪತ್ತು ಭಾನುವಾರ, ಅಷ್ಟೂ ಸಲ ಪಕ್ಕದಲ್ಲಿ ಒಬ್ಬರ ಅಗಲ ಬಿಟ್ಟು, ಅರ್ಧ ದನಿ ಹೊರಗೆ ಚೆಲ್ಲಿ, ಮನೆಗೆ ಬಂದು, ಹೇಗಿತ್ತು ಎಂದು ಅವಳು ಅರೆಗಣ್ಣಲ್ಲಿ ಕೇಳಿದರೆ, ಚೆನ್ನಾಗಿತ್ತು, ಚಿಲಿಗೆ ಉಪ್ಪು ಜಾಸ್ತಿ, ಎಂದು ಹೇಳಿ. ಒಂದು ಮಾತು ಹೇಳಬಾರದಿತ್ತೇ ಪುಣ್ಯಾತ್ಮ, ಕೂದಲು ಹಿಡಿದು ಎಳೆದುಕೊಂಡು ಬರಬಾರದಿತ್ತೇ. ಗಂಟೆ ಮುಗಿದಿತ್ತು, ಓರಿನ್ ಚಿಲಕ ತೆಗೆದ, ಹೊಸ ಬಿರುಕಿಲ್ಲ, ಹಳೆಯ ಗೆರೆಗಳು ಹಾಗೇ ಇವೆ, ಅವನು ತಂತಿ ಬಿಗಿಮಾಡುತ್ತಾ ಅವಳನ್ನು ನೋಡದೆ ಹೇಳಿದ, ಪಟ್ಟೀಲಿ ಇನ್ನು ಯಾರೂ ಇಲ್ಲ, ನಾನು ಹಿಂದೆ ಕೂತು ಬಾರಿಸ್ತೀನಿ, ನಿಂಗೆ ಬೇಡ ಅಂದ್ರೆ ಬೇಡ. ಸಾಕಾಗಿದೆ ಓರಿನ್, ಎನ್ನಲು ಬಾಯಿ ತೆರೆದಳು, ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು, ನುಂಗಿದಳು.

ಕಾಲುಚೀಲದ ಪಾದ ಟೇಪಿನ ಮೇಲೆ, ಬಲಗಡೆಯದರ ಮೇಲೆ, ಅದು ಇನ್ನೂ ಒರಟು, ಐಲಿ ಸೌಟು ಹಿಡಿದೇ ನಿಂತಿದ್ದಾಳೆ, ಗಿಟಾರ್ ಶುರುವಾಯಿತು, ಒಂದು ಸುತ್ತು, ಎರಡನೇ ಸುತ್ತಿಗೆ ಹಾಡು ಎತ್ತಬೇಕು, ಎತ್ತಿದಳು, ಎತ್ತಿದ ಮೇಲೆ ಗೊತ್ತಾಯಿತು, ತನಗೆ ಬರುವುದು ಕೆಳಗಿನ ದನಿ ಮಾತ್ರ, ಹಾಡನ್ನು ಅವಳು ಎಂದೂ ಕಲಿತೇ ಇಲ್ಲ, ಅದು ಅವನ ಬಳಿ ಇತ್ತು, ಈಗ ಅವಳ ಬಾಯಿಂದ ಹೊರಡುತ್ತಿರುವುದು ಯಾರಿಗೂ ಗುರುತು ಸಿಗದ ಅರ್ಧ, ಏರಬೇಕಾದಲ್ಲಿ ಏರದೆ ಒಂದೇ ಮಟ್ಟದಲ್ಲಿ ಕಾಯುತ್ತಾ ಹೋಗುವ ಅರ್ಧ, ಓರಿನ್ ತಲೆಯೆತ್ತಿದ, ಆದರೂ ಬಾರಿಸುತ್ತಿದ್ದಾನೆ, ಅವಳೂ ನಿಲ್ಲಿಸುವುದಿಲ್ಲ, ಮೈಕಿನತ್ತ ಸರಿಯುವುದೂ ಇಲ್ಲ, ಅವನು ಬಂದರೆ ಜಾಗ ಬೇಕಲ್ಲ, ಕಣ್ಣು ಕೆಳಗೆ, ಎಡಗಡೆಗೆ, ಅಲ್ಲಿ ಆ ಟೇಪು, ಅಂಚು ಸುಲಿದ ಟೇಪು, ಕಪ್ಪಾದ, ಅಂಚು ಸುಲಿದ ಟೇಪು.