ಎಪ್ಪತ್ತರೊಳಗೆ

'ವಿಷಾದಿಸುತ್ತೇವೆ' ಅಳಿಸಿದಳು. ಹದಿನಾಲ್ಕು ಅಕ್ಷರ ಉಳಿತಾಯವಾಯಿತು.

ಫೋನಿಗೆ ಹೋಗುವ ಕನ್ನಡದ ಒಂದು ಸಂದೇಶಕ್ಕೆ ಎಪ್ಪತ್ತು ಅಕ್ಷರದ ಮಿತಿ. ಒತ್ತು, ಕೊಂಬು, ದೀರ್ಘ ಎಲ್ಲವೂ ಲೆಕ್ಕಕ್ಕೆ. ನೀರು ಸರಬರಾಜು ಕಚೇರಿಯಲ್ಲಿ ಅವಳಷ್ಟು ಬಿಗಿಯಾಗಿ ಬರೆಯುವವರಿರಲಿಲ್ಲ. 'ನಾಳೆ ನೀರು ಬರುವುದಿಲ್ಲ. ತುಂಬಿಸಿಟ್ಟುಕೊಳ್ಳಿ.' ನಲವತ್ತು.

"ಭೇಷ್ ಮೇಡಂ," ಎಂದ ಮೇಲಧಿಕಾರಿ, ಹಿಂದಿನಿಂದ ಇಣುಕಿ. "ಓದೋನು ಬಸ್ಸಲ್ಲಿ ಒಂಟಿ ಕೈಲಿ ನೇತಾಡ್ತಿರ್ತಾನೆ. ಅವನಿಗ್ಯಾಕೆ ನಮ್ಮ ವಿಷಾದ?"

ಎಂ.ಎ.ಯಲ್ಲಿ ನೂರಿಪ್ಪತ್ತು ಪುಟದ ಪ್ರಬಂಧ ಬರೆದವಳು ಈಗ ಆ ಒಂಟಿ ಕೈಯವನಿಗಷ್ಟೇ ಬರೆಯುತ್ತಿದ್ದಳು. ಒಳ್ಳೆಯ ಓದುಗ. ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ.

ಸಂಜೆ ಆರಕ್ಕೆ ಪರೀಕ್ಷಾ ಪಟ್ಟಿಗೆ, ಊರಿಗೆಲ್ಲ ಕಳಿಸುವ ಮುನ್ನ ನೋಡಲೆಂದು ಇಟ್ಟ ಕೆಲವು ನಂಬರುಗಳಿಗೆ, ಹೋಗುವಂತೆ ಸಂದೇಶ ಹೊಂದಿಸಿದಳು. ಪಟ್ಟಿಯ ಮೊದಲ ನಂಬರು ಅವಳೇ ಸೇರಿಸಿದ್ದು, ಗಂಡನದು. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ನಂಬರು ತೆಗೆಸಲು ಅರ್ಜಿ ಕೊಡಬೇಕು, ಅರ್ಜಿಯಲ್ಲಿ ಕಾರಣ ಬರೆಯಬೇಕು. ಹಾಗಾಗಿ ಇತ್ತು.

ಆ ಫೋನು ಪಕ್ಕದ ಊರಿನಲ್ಲಿ ಅತ್ತೆಯ ಬಳಿ ಇತ್ತು. "ಒಂದ್ಸಲ ಬಂದ್ಹೋಗೇ," ಎಂದು ಅವರು ಕರೆದದ್ದು ಇದು ಮೂರನೆಯ ಸಲ. ಮಧ್ಯಾಹ್ನದ ಬಸ್ಸು ಹತ್ತಿದಳು.

ಬಾಗಿಲಲ್ಲೇ ನಿಂತುಬಿಟ್ಟಳು. ನಡುಮನೆಯ ತುಂಬ ಬಕೆಟ್ಟು, ಕುಕ್ಕರು, ಬೋಗುಣಿ. ಕಿಟಕಿಯ ಮೇಲೆ ಸಾಲಾಗಿ ಲೋಟ. ಎಲ್ಲದರಲ್ಲೂ ತುಳುಕುವಷ್ಟು ನೀರು.

"ಏನತ್ತೆ ಇದು?"

"ನೀನೇ ಬರೀತೀಯಲ್ಲ ಅವನ ಫೋನಿಗೆ, ತುಂಬಿಸಿಟ್ಟುಕೊಳ್ಳಿ ಅಂತ."

"ಅದು ಕಚೇರೀದು. ಈ ಊರಿನ ನೀರಿಗೂ ನಮಗೂ ಸಂಬಂಧ ಇಲ್ಲ."

"ಗೊತ್ತು ಕಣೇ. ನಲ್ಲಿ ಬರ್ತಾನೇ ಇರುತ್ತೆ." ಅತ್ತೆ ನಕ್ಕರು. "ಸೊಸೆ ಮಾತು ಮೀರೋ ಅತ್ತೆ ಅನ್ನಿಸ್ಕೋಬಾರ್ದಲ್ಲ. ನಿನ್ನ ಬರವಣಿಗೆ ಗುರುತು ಸಿಗಲ್ವ ನಂಗೆ? ಆವತ್ತೂ ಹೀಗೇ ಬರೆದಿದ್ದೆ. 'ಹೋದರು. ಬನ್ನಿ.'"

ಅವಳು ಲೋಟಗಳನ್ನು ನೋಡಿದಳು.

ಅತ್ತೆ ಹಾಳೆ, ಪೆನ್ನು ತಂದಿಟ್ಟರು. "ನಾನು ಆಸ್ಪತ್ರೆಗೆ ಬರೋಷ್ಟರಲ್ಲಿ ಮುಗಿದೋಗಿತ್ತು. ಕೊನೇಲಿ ಏನಂದ? ಕೇಳಿದ್ರೆ ಬಾಯಲ್ಲಿ ಹೇಳಕ್ಕಾಗಲ್ಲ ಅಂದೆ ನೀನು. ಸರಿ, ಬರೆದುಕೊಡು. ಉದ್ದಕ್ಕೇ ಬರಿ. ನಂಗೇನೂ ಅವಸರ ಇಲ್ಲ."

ಬರೆದಳು. ಮೂರು ವಾಕ್ಯವಾದ ಮೇಲೆ ಮೊದಲಿನಿಂದ ಓದಿದಳು. 'ನನ್ನ ಕೈ ಹಿಡಿದುಕೊಂಡು' ಹೊಡೆದುಹಾಕಿದಳು, ಅದಿಲ್ಲದೆಯೂ ಅರ್ಥವಾಗುತ್ತದೆ. 'ಅಮ್ಮ ಬಂದಳಾ ಎಂದು ಕೇಳಿದರು.' ಇದರಲ್ಲಿ ಮಾಹಿತಿಯಿಲ್ಲ, ಬರೀ ಪ್ರಶ್ನೆ. ಹೊಡೆದಳು, ಓದಲಾಗದಷ್ಟು ಗಟ್ಟಿಯಾಗಿ. 'ಬೆಳಗ್ಗೆ ಏಳಕ್ಕೆ ಹೋದರು' ಉಳಿಯಿತು. ಬಿಗಿಯಾಗಿತ್ತು. ಒಂದಕ್ಷರ ಹೆಚ್ಚಿಲ್ಲ.

"ಆಯ್ತೇನೇ?"

"ಆಯ್ತು."

ಅತ್ತೆ ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

ಆರು ಗಂಟೆ. ಗಂಡನ ಫೋನು ಟಿಂಗೆಂದಿತು. ಅತ್ತೆ ಅದನ್ನೂ ಓದಿದರು, ನಿಧಾನವಾಗಿ, ತುಟಿಯಾಡಿಸುತ್ತ. ಎದ್ದು ಪಾತ್ರೆ ಹುಡುಕಿದರು. ಖಾಲಿ ಒಂದೂ ಇರಲಿಲ್ಲ. ಬಚ್ಚಲಿನಿಂದ ಮಗನ ಬ್ರಷ್ಷಿದ್ದ ಲೋಟ ತಂದು, ಬ್ರಷ್ಷು ತೆಗೆದು, ಅಡುಗೆಮನೆಯ ನಲ್ಲಿಗೆ ಹಿಡಿದರು.

ಲೋಟ ತುಂಬಿತು. ತುಂಬಿ ಹರಿಯತೊಡಗಿತು. ಅತ್ತೆಯ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬ್ರಷ್ಷು. ನಲ್ಲಿ ನಿಲ್ಲಿಸಲು ಸೊಸೆಯೇ ಏಳಬೇಕಿತ್ತು.