ಸ್ವಾತಿ ನೀರು ಕೇಳಿದ ಬ್ಯಾಟರಿ

ನಮ್ಮ ಅತ್ತೆ ಕೃಷ್ಣವ್ವನ ಹಟ ದೊಡವಾಡಕ್ಕೆಲ್ಲ ಗೊತ್ತಿತ್ತು. ಚಾವಡಿಯ ರೇಡಿಯೋಕ್ಕೆ ಗೊತ್ತಾಗಲು ಮಾತ್ರ ಒಂದು ಬೇಸಿಗೆ ಬೇಕಾಯಿತು.

ಆಗ ಊರಿಗೆ ಕರೆಂಟು ಬಂದಿರಲಿಲ್ಲ. ರೇಡಿಯೋ ಆಸಿಡ್ ತುಂಬಿದ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಊರವರು ಕಟ್ಟೆಯ ಮೇಲೆ ಕುಳಿತು ಹತ್ತಿಯ ಧಾರಣೆ ಕೇಳುವರು. ಅವರು ಮುಟ್ಟಿಸಿಕೊಳ್ಳದ ನಮ್ಮ ಕೇರಿಯವರು ಕೆಳಗೆ ಬಿಸಿಲಲ್ಲಿ ನಿಂತು ಕೇಳಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬ್ಯಾಟರಿ ನೋಡಿಕೊಳ್ಳುವವರು ರಘೋತ್ತಮಾಚಾರ್ರು. ಒಳಗಿನ ನೀರು ಇಳಿದಾಗಲೆಲ್ಲ ಅವರು ಮಡಿಯಲ್ಲಿ ಬಾವಿ ನೀರು ಸೇದಿ ತಂದು ಸುರಿಯುತ್ತಿದ್ದರು. ಅದಕ್ಕಿಂತ ಶುದ್ಧವಾದದ್ದು ಇನ್ನೇನಿದೆ ಎಂದು ಅವರ ಲೆಕ್ಕ. ಬ್ಯಾಟರಿಗೆ ಮಡಿ ತಿಳಿಯಲಿಲ್ಲ, ನೀರಿನ ಉಪ್ಪು ತಿಳಿಯಿತು. ವಾರ ಬರುತ್ತಿದ್ದ ಚಾರ್ಜು ಒಂದೇ ದಿನಕ್ಕೆ ಮುಗಿಯತೊಡಗಿತು.

ಬೈಲಹೊಂಗಲದಲ್ಲಿ ಚಾರ್ಜು ಮಾಡುವ ಶಂಕ್ರೆಪ್ಪ ಅದನ್ನು ತೊಳೆದು ಹೊಸ ಆಸಿಡ್ ಹಾಕಿದ. "ಬಾಂವಿ ನೀರ ಕುಡಿಸಿ ಕೊಲ್ಲಾಕ ಹತ್ತಿದ್ರಲ್ರಿ! ಇನ್ನ ಬರೇ ಮಳಿ ನೀರ ಹಾಕ್ರಿ. ಇಲ್ಲಾಂದ್ರ ಒಣಾ ಬ್ಯಾಟರಿ ತಗೋರಿ. ಅದಕ್ಕ ನೀರೂ ಬ್ಯಾಡ, ಚಾರ್ಜೂ ಬ್ಯಾಡ. ಆದ್ರ ಮುಗೀತಂದ್ರ ತಿಪ್ಪಿಗೆ ಒಗೀಬೇಕು" ಎಂದ.

ಬೇಸಿಗೆಯಲ್ಲಿ ಮಳೆ ನೀರು ಇದ್ದದ್ದು ನಮ್ಮ ಅತ್ತೆಯ ಭರಣಿಯಲ್ಲಿ ಮಾತ್ರ. ವರ್ಷವೂ ಸ್ವಾತಿ ಮಳೆಗೆ ಅವಳು ಅಂಗಳದಲ್ಲಿ ಒಗೆದ ಸೀರೆ ಕಟ್ಟಿ ನೀರು ಹಿಡಿದಿಡುತ್ತಿದ್ದಳು. ಕಣ್ಣುಬೇನೆ ಬಂದರೆ ಊರವರೂ ಔಷಧಿಗೆಂದು ಕದ್ದುಮುಚ್ಚಿ ಬಂದು ಕೇಳಿ ಒಯ್ಯುವರು. ಬ್ಯಾಟರಿಯ ನೀರು ಮತ್ತೆ ಇಳಿದಾಗ, ಇದ್ದಕ್ಕಿದ್ದಂತೆ ಊರಿನ ಮುಖ್ಯಸ್ಥ ರಾಮಲಿಂಗಪ್ಪ ಗೌಡರಿಗೆ ಅದರ ನೆನಪಾಯಿತು.

"ಕೃಷ್ಣವ್ವಾ, ಆ ನೀರ ಕೊಟ್ಟ ಕಳಸು" ಎಂದರು, ಕಟ್ಟೆಯ ಮೇಲಿಂದಲೇ.

"ಕೊಡತೇನ್ರಿ ಗೌಡ್ರ. ಆದ್ರ ನಾನ ಹಾಕಾಕಿ. ಕಟ್ಟಿ ಮ್ಯಾಲೆ ಕುಂತು ಹಾಕತೇನಿ."

ಕಟ್ಟೆಯ ಮೇಲೆ ಎಲ್ಲರ ಮುಖ ಹರಳೆಣ್ಣೆ ಕುಡಿದಂತಾಯಿತು. ಆಚಾರ್ರು ಎದ್ದು ನಿಂತು, "ಒಣಾದ್ದ ತರೂಣು. ಅದು ಯಾರ ನೀರೂ ಕೇಳೂದಿಲ್ಲ" ಎಂದರು.

ಒಣ ಬ್ಯಾಟರಿ ಬಂತು. ತುಟ್ಟಿ ಮಾಲು. ಮೊದಮೊದಲು ಜೋರಾಗಿ ಹಾಡಿತು, ಆಮೇಲೆ ಸೊಳ್ಳೆಯಂತೆ ಗುಂಯ್‌ಗುಟ್ಟಿ, ಹತ್ತಿ ಮಾರುವ ಹೊತ್ತಿಗೇ ಬಾಯಿ ಮುಚ್ಚಿತು. ಧಾರಣೆ ತಿಳಿಯದೆ ರೈತರು ಗೌಡರ ತಲೆ ತಿಂದರು. ಮತ್ತೊಂದು ಒಣ ಬ್ಯಾಟರಿಗೆ ದುಡ್ಡು ಬಿಚ್ಚಲು ಊರ ಪಂಚಾಯ್ತಿಯ ಹಿರಿಯರಿಗೆ ಮನಸ್ಸಾಗಲಿಲ್ಲ.

ಒಂದು ಮುಂಜಾನೆ ಗೌಡರೇ ನಮ್ಮ ಕೇರಿಗೆ ನಡೆದು ಬಂದರು. "ಬರ್ರಿ ಕೃಷ್ಣವ್ವ, ಹಳೇ ಬ್ಯಾಟರಿ ಚಾರ್ಜ್ ಆಗಿ ಬಂದೈತಿ. ನೀರ ನೀವ ಹಾಕ್ರಿ" ಎಂದರು.

ಅತ್ತೆ ಇಳಕಲ್ಲ ಸೀರೆ ಉಟ್ಟಳು. ಭರಣಿ ಸೊಂಟಕ್ಕಿಟ್ಟುಕೊಂಡು ಕಟ್ಟೆ ಹತ್ತಿದಳು, ಕಾಲು ಮಡಚಿ ಕುಳಿತಳು, ಬ್ಯಾಟರಿಯ ಒಂದೊಂದೇ ಬಿರಡೆ ಬಿಚ್ಚಿ ನೀರು ಹನಿಸಿದಳು. ರೇಡಿಯೋ ಖಣಿಲ್ಲೆಂದು ಮಾತಾಡಿತು. ಕೆಳಗೆ ನಿಂತಿದ್ದ ನನಗೆ ಕಣ್ಣು ತುಂಬಿ, ಎದೆಯುಬ್ಬಿತು.

ಅವಳು ಏಳಲಿಲ್ಲ. ಆಚಾರ್ರು ಕೆಮ್ಮಿದರು. "ನೀರ ಹಾಕಿದ್ದಾತಲ್ಲವಾ? ಮಳಿಗಾಲ ಬರಲಿ, ನಾವೂ ಹಿಡದ ಇಡತೇವಿ."

"ಹಿಡೀರಲ್ಲ, ಬ್ಯಾಡ ಅಂದವರ್ಯಾರು?" ಅತ್ತೆ ಸೆರಗು ಸರಿಮಾಡಿಕೊಂಡಳು. "ಅಲ್ಲೀತನಕ ನಾ ಇಲ್ಲೇ ಕುಂದರತೇನಿ. ಅಷ್ಟೊತ್ತಿಗೆ ನಿಮಗೂ ರೂಢಿ ಆಗಿರತೈತಿ."

ಆಮೇಲೆ ನನ್ನ ಕಡೆ ನೋಡಿ, ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು. ನಾನು ಹತ್ತಿ ಹೋಗಿ ಕುಳಿತೆ.