ಸತ್ತವರಿಗೆ ಹಿಂದಿನ ರಸ್ತೆ

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನಲ್ಲ, ಹೋದ ಬೇಸಿಗೆಯವರೆಗೂ, ಎದ್ದು ನಿಲ್ಲುವ ಬೀದಿಯೊಂದಿತ್ತು. ಶವಯಾತ್ರೆ ತಿರುವಿನಲ್ಲಿ ಕಾಣಿಸಿದರೆ ಸಾಕು, ಅಂಗಡಿಗಳು ಅರ್ಧ ಕಣ್ಣು ಮುಚ್ಚುತ್ತಿದ್ದವು, ಬೈಕುಗಳು ಉಸಿರು ಬಿಗಿಹಿಡಿಯುತ್ತಿದ್ದವು, ತೂಗುತ್ತಿದ್ದ ತಕ್ಕಡಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಸತ್ತವನು ರಾಜನೋ ಭಿಕಾರಿಯೋ ಎಂದು ಆ ಬೀದಿ ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಸುಮ್ಮನಾಗುತ್ತಿದ್ದದ್ದು ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುವ ತಗಡಿನ ಅಂಗಡಿ. ಅದನ್ನು ನಡೆಸುವವನಿಗೆ ಜನ ಡಬಡಬ ಅಂತಲೇ ಹೆಸರಿಟ್ಟಿದ್ದರು. ಬೆಸುಗೆಯನ್ನು ಅರ್ಧಕ್ಕೆ ಬಿಟ್ಟರೆ ಬಕೆಟ್ಟು ಸೋರುತ್ತದೆ, ಮತ್ತೆ ಮೊದಲಿಂದ ಮಾಡಬೇಕು. ಆದರೂ ಡಬಡಬ ಬಿಟ್ಟೇ ಏಳುತ್ತಿದ್ದ. ಚಪ್ಪಲಿ ಕಳಚಿ ರಸ್ತೆಯಂಚಿಗೆ ಬಂದು, ಹೆಣ ಕಣ್ಮರೆಯಾಗುವವರೆಗೂ ನಿಲ್ಲುತ್ತಿದ್ದ.

ಇವತ್ತು ಅದೇ ಅಂಗಡಿಯಿಂದ ಸುತ್ತಿಗೆಯ ಸದ್ದು ಒಂದೇ ಸಮನೆ ಬರುತ್ತಿತ್ತು.

"ನಿಲ್ಸೇ," ಅಂದಳು ತಾಯಿ. "ಸಾಹುಕಾರ್ರ ಹೆಣ ತರ್ತಿದಾರೆ. ಬೀದಿ ಪೂರ್ತಿ ಎದ್ದು ನಿಂತಿದೆ."

"ಕಾಲಿದೆ, ನಿಂತಿದಾರೆ."

"ನಿಮ್ಮಪ್ಪ ಇದ್ದಿದ್ರೆ..."

"ಅಪ್ಪ ಇದ್ದಾಗಿನ ಮಾತು ಬಿಡು. ಅಪ್ಪ ಹೋದಾಗ ಎಲ್ಲಿತ್ತು ಇವ್ರ ಕಾಲು?" ಮಗಳು ಬಕೆಟ್ಟಿನ ತಳಕ್ಕೆ ಇನ್ನೊಂದು ಏಟು ಹಾಕಿದಳು. ತಳ ಆಗಲೇ ಕೂತಿತ್ತು. ಬಡಿಯುವ ಅಗತ್ಯವೇ ಇರಲಿಲ್ಲ.

ಬೀದಿಯ ಬಾಯಲ್ಲಿ, ಕಂಬದ ಮೇಲೆ, ಒಂದು ಬೋರ್ಡಿತ್ತು. ಬೀದಿಯ ಅಷ್ಟೂ ಅಂಗಡಿಗಳ ಮಾಲೀಕ, ಟೈಲ್ಸ್ ಸಾಹುಕಾರ, ಹೋದ ಬೇಸಿಗೆಯಲ್ಲಿ ಹಾಕಿಸಿದ್ದು. ಹೆಣ ಕಂಡರೆ ಗಿರಾಕಿಗಳು ಮನೆ ಕಟ್ಟುವ ಮಾತನ್ನೇ ನುಂಗಿಕೊಂಡು ವಾಪಸು ಹೋಗುತ್ತಾರೆ ಎಂಬುದು ಅವನ ದೂರು. ನಾಲ್ಕಡಿ ಅಗಲದ ತಗಡು, ಅಂಚು ಮಡಚಿ, ಕಂಬಕ್ಕೆ ಬಿಗಿಯಲು ನಾಲ್ಕು ಪಟ್ಟಿ ಕೂಡಿಸಿಕೊಡು ಎಂದು ಡಬಡಬನ ಮಗಳಿಗೇ ಹೇಳಿದ್ದ. "ಗಟ್ಟಿಯಾಗಿರ್ಲಿ ಕಣಮ್ಮ. ನನ್ನ ಕಾಲ ಮುಗಿದ್ರೂ ಅಲುಗಬಾರ್ದು." ಅಂಗಡಿಯ ಹೆಸರು ಬರೆಸುತ್ತಾನೆ ಅಂದುಕೊಂಡು ಅವಳು ಗುನುಗುತ್ತ ಮಾಡಿಕೊಟ್ಟಿದ್ದಳು. ತಾನೇ ಏಣಿ ಹತ್ತಿ ಬಿಗಿದೂ ಬಂದಿದ್ದಳು. ಮಾರನೆಯ ದಿನ ಪೇಂಟರು ಬಂದು ಕೆಂಪಕ್ಷರದಲ್ಲಿ ಬರೆದ: 'ಶವಯಾತ್ರೆಗೆ ಈ ಬೀದಿಯಲ್ಲಿ ಪ್ರವೇಶವಿಲ್ಲ. ಹಿಂದಿನ ರಸ್ತೆ ಬಳಸಿ.'

ಡಬಡಬ ಅದನ್ನು ಓದಿ ಬಂದವನು ಮೂರು ದಿನ ಮಗಳ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅಂದ: "ಸತ್ತೋರಿಗೆ ಹಿಂಬಾಗ್ಲು ತೋರ್ಸೋ ತಗಡು ನಮ್ಮ ಅಂಗಡಿದಾ? ನೀನು ಹತ್ಸಿದ್ದು, ನೀನೇ ಇಳ್ಸು."

"ಇಳಿಸ್ತೀನಪ್ಪ."

"ಯಾವಾಗ?"

"ಇಳಿಸ್ತೀನಿ ಅಂದ್ನಲ್ಲ. ಬೋರ್ಡ್ ಮುಟ್ಟಿದೋರು ಅಂಗಡಿ ಖಾಲಿ ಮಾಡ್ಬೇಕು ಅಂತ ಸಾಹುಕಾರ್ರು ಹೇಳ್ಕಳ್ಸಿದಾರೆ. ಸ್ವಲ್ಪ ತಣ್ಣಗಾಗ್ಲಿ."

ತಣ್ಣಗಾಗಲಿ ಅನ್ನುತ್ತಲೇ ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ತಣ್ಣಗಾದದ್ದು ಅಪ್ಪನೇ.

ಅವನ ಚಟ್ಟ ಬೀದಿಯ ಬಾಯಿಗೆ ಬಂದಾಗ ಟೈಲ್ಸ್ ಅಂಗಡಿಯ ವಾಚ್‌ಮನ್ ಕೈ ಅಡ್ಡ ಹಿಡಿದ. "ಅಷ್ಟು ದಪ್ಪಕ್ಕೆ ಬರ್ದಿದಾರೆ, ಓದೋಕ್ ಬರಲ್ವಾ?" ಅಂಗಡಿಯವರೆಲ್ಲ ಸಾಹುಕಾರನ ಬಾಡಿಗೆದಾರರು. ಅವರ ಕಣ್ಣುಗಳು ತಂತಮ್ಮ ಸಾಮಾನಿನ ಮೇಲೆಯೇ ಇದ್ದವು. ನಲವತ್ತು ವರ್ಷ ಕಂಡಕಂಡವರಿಗೆಲ್ಲ ಎದ್ದು ನಿಂತವನನ್ನು ಚರಂಡಿ ಪಕ್ಕದ ರಸ್ತೆಯಲ್ಲಿ ಹೊತ್ತರು. ಅಲ್ಲಿ ಟೈಲ್ಸ್ ಲಾರಿಯೊಂದು ಅಡ್ಡ ನಿಂತಿತ್ತು. ಅದು ಖಾಲಿಯಾಗುವವರೆಗೆ ಡಬಡಬ ಬಿಸಿಲಲ್ಲಿ ಕಾದ.

ಆವತ್ತಿನಿಂದ ಮಗಳ ಸಿಟ್ಟಿಗೆ ನಿದ್ದೆಯಿಲ್ಲ. ಅಜ್ಜಿಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿರುತ್ತದೆ. ಅವಳ ಸಿಟ್ಟಿನ ಪ್ರಾಣ ಮಾತ್ರ ಬೀದಿ ಬಾಯಲ್ಲೇ ನೇತಾಡುತ್ತಿತ್ತು, ಅದೂ ಅವಳೇ ಬಿಗಿದ ಪಟ್ಟಿಗಳಿಂದ.

ಅವಳು ಸುತ್ತಿಗೆ ಕೆಳಗಿಟ್ಟಳು.

"ಅಬ್ಬಾ, ಬುದ್ಧಿ ಬಂತಲ್ಲ," ಅಂದಳು ತಾಯಿ.

ಮಗಳು ತಗಡು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೂಲೆಯ ಏಣಿಯನ್ನು ಹೆಗಲಿಗೇರಿಸಿದಳು.

"ಎಲ್ಲಿಗೇ? ಹುಚ್ಚಿ, ನಾಳೆ ಬೀದಿಗೆ ಬೀಳ್ತೀವಿ ಕಣೇ!"

"ಯಾವ ಬೀದಿಗಮ್ಮ? ಇದಕ್ಕಾ, ಹಿಂದಿಂದಕ್ಕಾ?"

ಶವಯಾತ್ರೆ ತಿರುವು ದಾಟುವ ಹೊತ್ತಿಗೆ ಏಣಿಯ ಕಾಲು ರಸ್ತೆಯ ಮಧ್ಯಕ್ಕೆ ಬಂದಿತ್ತು. ಹೊತ್ತವರು ನಿಂತರು. ಸಾಹುಕಾರನ ಮಗ ಮುಂದೆ ಬಂದ. ಅವನ ಕಣ್ಣುಗಳು ಅತ್ತು ಊದಿಕೊಂಡಿದ್ದವು.

"ಏನಿದು? ಬೋರ್ಡ್ ಗೀರ್ಡ್ ಕೆಲಸ ಎಲ್ಲ ಈಗಲೇ ಆಗ್ಬೇಕಾ?"

"ಓದಿ," ಅಂದಳು.

"ಏನು?"

"ಮೇಲಿರೋದು. ಜೋರಾಗಿ ಓದಿ. ಓದೋಕ್ ಬರುತ್ತಲ್ಲ?"

ಗಡಿಯಾರ ರಿಪೇರಿಯ ಮುದುಕ ಓಡಿ ಬಂದ. "ತಾಯಿ, ಹೆಣ ಕಾಯಿಸ್ಬಾರ್ದಮ್ಮ."

"ನಮ್ಮಪ್ಪನ್ನ ಕಾಯ್ಸಿದ್ರಲ್ಲ ತಾತ. ಆವತ್ತು ನಿಮ್ಮ ಗಡಿಯಾರ ಎಲ್ಲಾ ನಿಂತೋಗಿದ್ವಾ?"

ಸಾಹುಕಾರನ ಮಗ ಬೋರ್ಡಿನ ಕಡೆ ನೋಡಿದ. "ಅದು... ಅದು ಬೇರೆಯೋರಿಗೆ."

"ಸತ್ತೋರಲ್ಲೂ ಬೇರೆಯೋರು ಇದಾರಾ?"

"ನಿಮ್ಮಪ್ಪನ ವಿಷಯ ನಂಗೆ ಗೊತ್ತೇ ಇರ್ಲಿಲ್ಲ."

"ಲಾರಿ ಪಕ್ಕ ನಿಂತು 'ಹುಷಾರು, ಹುಷಾರು, ಒಡೆದೀತು' ಅಂತಿದ್ದೋರು ಯಾರು? ಟೈಲ್ಸ್‌ಗೆ ಅಂದ್ರಲ್ಲ, ಆ ಹುಷಾರು. ಹತ್ತು ಮಾರು ದೂರದಲ್ಲಿ ನಾವಿದ್ವಿ."

ಹಿಂದಿದ್ದವರು ಗೊಣಗತೊಡಗಿದರು. ಹೊತ್ತವರು ಹೆಗಲು ಸೋತು ಚಟ್ಟವನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಸಾಹುಕಾರನ ಮಗ ಒಮ್ಮೆ ಅಪ್ಪನನ್ನು, ಒಮ್ಮೆ ಬೋರ್ಡನ್ನು ನೋಡಿ, ಪಾಠ ಒಪ್ಪಿಸುವ ಹುಡುಗನ ಹಾಗೆ ಓದಿದ: "ಶವಯಾತ್ರೆಗೆ... ಈ ಬೀದಿಯಲ್ಲಿ ಪ್ರವೇಶವಿಲ್ಲ. ಹಿಂದಿನ..." ಅಲ್ಲಿಗೆ ದನಿ ಒಡೆಯಿತು. "ಅಪ್ಪನ್ನ ಆ ಕಡೆ ತಿರುಗಿಸ್ಬೇಕಾ? ಹೇಳಿ, ತಿರುಗಿಸ್ತೀನಿ."

ತಿರುಗಿಸಿ. ಈ ಒಂದು ಮಾತಿಗೆ ಅವಳು ನಾಲ್ಕು ತಿಂಗಳು ಹೊಳಪು ಕೊಟ್ಟು ಇಟ್ಟುಕೊಂಡಿದ್ದಳು. ಈಗ ಅದು ನಾಲಿಗೆಯ ತುದಿಗೆ ಬಂದು ಕೂತಿತು. ಅದರ ಬೆನ್ನಿಗೇ ಅಪ್ಪನ ಪ್ರಶ್ನೆಯೂ ಬಂತು: ಯಾವಾಗ? ಅವಳಿಗೆ ಅಪ್ಪನ ಮೇಲೂ ಕೋಪ ಉಕ್ಕಿತು. ಸಾಯುವವನು ಸುಮ್ಮನೆ ಸಾಯಬಾರದಿತ್ತೆ?

"ಓದಿ ಅಂದೆ," ಹಲ್ಲು ಕಚ್ಚಿ ಅಂದಳು. "ತಿರುಗಿಸಿ ಅನ್ಲಿಲ್ಲ."

ಏಣಿ ಹತ್ತಿದಳು. ಮೊದಲ ಪಟ್ಟಿ ಸುಲಭಕ್ಕೆ ಬಗ್ಗಲಿಲ್ಲ. ಕತ್ತರಿಯ ಹಿಡಿಗೆ ಎರಡೂ ಕೈ ಕೊಟ್ಟು ಒತ್ತಿದಳು. ಬೀದಿಯ ಎರಡೂ ಬದಿಯಲ್ಲಿ ಜನ ನಿಂತೇ ಇದ್ದರು.

"ಸ್ವಲ್ಪ ಬೇಗ..." ಅಂದ ಸಾಹುಕಾರನ ಮಗ.

"ನಿಮ್ಮಪ್ಪನೇ ಗಟ್ಟಿಯಾಗಿರ್ಲಿ ಅಂದಿದ್ರು. ಕಾಯಿರಿ."

ಎರಡನೆಯದು ಕಿತ್ತುಬಂತು. ಮೂರನೆಯದು ಕಿರುಗುಟ್ಟಿ ತುಂಡಾಗಿ ಅಂಗೈ ಕೊಯ್ದಿತು. ಬೋರ್ಡು ಒಂದು ಕಡೆ ವಾಲಿ, ಕೆಂಪಕ್ಷರಗಳೆಲ್ಲ ಇಳಿಜಾರಿನಲ್ಲಿ ಜಾರುತ್ತಿರುವ ಹಾಗೆ ಕಂಡವು. ನಾಲ್ಕನೆಯದಕ್ಕೆ ಬಗ್ಗಿದಾಗ, ಇಷ್ಟು ಹೊತ್ತು ನೋಡಬಾರದು ಅಂದುಕೊಂಡಿದ್ದನ್ನು ನೋಡಿದಳು. ಕೆಳಗೆ, ಹೂವಿನ ನಡುವೆ, ಸಾಹುಕಾರನ ಮುಖ. ಯಾರೋ ಅವಸರದಲ್ಲಿ ಗಡ್ಡ ಬೋಳಿಸಿದ್ದರು. ಗದ್ದದ ಹತ್ತಿರ ಕತ್ತಿ ತಗುಲಿದ ಕಡೆ ಚಿಟಿಕೆಯಷ್ಟು ಹತ್ತಿ ಅಂಟಿಕೊಂಡಿತ್ತು.

ಸಿಟ್ಟು ಇಳಿಯಲಿಲ್ಲ. ಕತ್ತರಿ ಒತ್ತಿದಳು.

ಬೋರ್ಡನ್ನು ಎದೆಗೊತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಬಿಸಿಲಿಗೆ ಕಾದ ತಗಡು ಮೈ ಸುಡುತ್ತಿತ್ತು. ಗಡಿಯಾರದ ಮುದುಕ ಏಣಿಯನ್ನು ಎಳೆದು ಬದಿಗಿಟ್ಟ. ಹೊತ್ತವರು ಬಗ್ಗಿ, ಒಬ್ಬರಿಗೊಬ್ಬರು ಸನ್ನೆ ಮಾಡಿ, ಮತ್ತೆ ಹೆಗಲು ಕೊಟ್ಟರು. ಖಾಲಿ ಕಂಬದ ಮೇಲೆ, ಬೋರ್ಡಿದ್ದ ಜಾಗದಲ್ಲಿ, ಹಳೆಯ ಬಣ್ಣ ಮಾಸದೆ ಉಳಿದಿತ್ತು.